ಗುಡಾರದ ಬುತ್ತಿ

ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯ ವರ್ದಿ ಫಾರ್ಮ್ ಎಂಬ ಹೈನು ತೋಟದಲ್ಲಿ 1970ರಲ್ಲಿ ಗ್ಲಾಸ್ಟನ್‌ಬರಿ ಸಂಗೀತೋತ್ಸವ ಆರಂಭವಾದಾಗ, ಒಂದು ಪೌಂಡಿನ ಟಿಕೆಟ್ಟಿನ ಜೊತೆಗೆ ಅಲ್ಲಿನ ಕೊಟ್ಟಿಗೆಯ ಹಾಲೂ ಉಚಿತವಾಗಿ ಸಿಗುತ್ತಿತ್ತು. ಈಗ ಲಕ್ಷಕ್ಕೂ ಹೆಚ್ಚು ಜನ ಗುಡಾರ ಹೂಡಿ ತಂಗುವ ಅದೇ ಹೊಲಗಳಲ್ಲಿ ತಿಂಡಿ ಅಂಗಡಿಗಳಿಗೆ ಬರವಿಲ್ಲವಾದರೂ, ಮೂರು ಹೊತ್ತೂ ಅಲ್ಲಿಯೇ ಉಂಡರೆ ಜೇಬು ಬರಿದಾಗುವುದರಿಂದ, ಬುತ್ತಿ ಕಟ್ಟಿಕೊಂಡು ಹೋಗುವ ರೂಢಿ ಉಳಿದುಕೊಂಡಿದೆ.

ಈ ಬುತ್ತಿಯನ್ನು ನಿರ್ಧರಿಸುವುದು ರುಚಿಗಿಂತ ಹೆಚ್ಚಾಗಿ ಶಾಖ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ, ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುವ ಉಷ್ಣಾಂಶವನ್ನು ಆಹಾರತಜ್ಞರು ‘ಅಪಾಯದ ವಲಯ’ ಎನ್ನುತ್ತಾರೆ. ಬಿಸಿಲಿಗೆ ಕಾದ ಗುಡಾರ ಈ ವಲಯದೊಳಗೇ ಇರುವುದರಿಂದ, ಡಬ್ಬಿಯ ಐಸ್ ಕರಗುವ ಮೊದಲೇ ಮಾಂಸ, ಹಾಲು, ಅನ್ನ ಮುಗಿಯಬೇಕು. ಅನ್ನ ನಿರುಪದ್ರವಿಯಂತೆ ಕಂಡರೂ, ಬೆಂದ ಮೇಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು, ಅಂದರೆ ಕಾವನ್ನು ತಾಳಬಲ್ಲ ಅದರ ಸುಪ್ತರೂಪಗಳು, ಉಗುರುಬೆಚ್ಚಗಿನ ಅಗುಳುಗಳಲ್ಲಿ ಚಿಗುರಿ ವಿಷ ಉತ್ಪಾದಿಸುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿಮಾಡಿದರೂ ಅಳಿಯದು.

ಈ ದೃಷ್ಟಿಯಿಂದ ಪ್ರವಾಸಿ ಕನ್ನಡಿಗರಿಗೆ ಗೊಜ್ಜವಲಕ್ಕಿಯಷ್ಟು ಅನುಕೂಲವಾದದ್ದು ಬೇರೆ ಇರಲಾರದು: ತರಿಯಾಗಿ ಪುಡಿಮಾಡಿದ ಗಟ್ಟಿ ಅವಲಕ್ಕಿಗೆ ಪುಳಿಯೋಗರೆ ಪುಡಿ ಬೆರೆಸಿ, ನಲ್ಲಿಯ ನೀರು ಹಾಕಿ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಒಲೆಯ ಹಂಗಿಲ್ಲದೆ ತಿಂಡಿ ಅರಳುತ್ತದೆ. ಒಲೆ ಹಚ್ಚುವುದೇ ಆದರೆ ಗುಡಾರದ ಹೊರಗೇ ಹಚ್ಚಬೇಕು, ಏಕೆಂದರೆ ಒಲೆಯಿಂದ ಹೊಮ್ಮುವ, ಪ್ರಾಣಕ್ಕೆ ಎರವಾಗುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಜಿಗೆ ಉತ್ಸವದೊಳಗೆ ಪ್ರವೇಶವಿಲ್ಲದ ಕಾರಣ ಉಪ್ಪಿನಕಾಯಿ ಮಾತ್ರ ಸ್ಟೀಲ್ ಡಬ್ಬಿಗೆ ಸ್ಥಳಾಂತರಗೊಳ್ಳಬೇಕಾಗುತ್ತದೆ.