ಆರೂಕಾಲು ಗಂಟೆ

ಕಾಯುವುದೆಂದರೆ ನಮ್ಮಂಥ ಸಂಸಾರಸ್ಥರಿಗೆ ಹೊಸ ವಿದ್ಯೆಯೇನೂ ಅಲ್ಲ. ಸಿಟಿ ಬಸ್ಸಿಗೆ ಕಾಯುತ್ತೇವೆ; ಡಾಕ್ಟರರ ಬಾಗಿಲಲ್ಲಿ ಕಾಯುತ್ತೇವೆ; ಮದುವೆಯ ಮನೆಯಲ್ಲಿ, ಮೊದಲ ಪಂಕ್ತಿಯವರು ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಇಣುಕಿ ಇಣುಕಿ ನೋಡುತ್ತ ಎರಡನೆಯ ಪಂಕ್ತಿಗೆ ಕಾಯುತ್ತೇವೆ. ಈ ಬಗೆಯ ಕಾಯುವಿಕೆಯಲ್ಲಿ ಒಂದು ಸೌಕರ್ಯವುಂಟು. ಇನ್ನೆಷ್ಟು ಹೊತ್ತು ಎಂಬುದನ್ನು ಯಾರೂ ನಿಖರವಾಗಿ ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ, ಇನ್ನೇನು ಬಂದೀತು ಎಂಬ ಆಸೆ ಉಳಿದಿರುತ್ತದೆ. ಗಣಕಯಂತ್ರಕ್ಕೆ ಮಾತ್ರ ಈ ದಾಕ್ಷಿಣ್ಯ ತಿಳಿಯದು. ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಮರುಗಳಿಗೆಯಲ್ಲಿ ಆ ಲೆಕ್ಕವನ್ನು ಇನ್ನಷ್ಟು ಹೆಚ್ಚಿಸಿ ತೋರಿಸುತ್ತದೆ.

ನಮ್ಮ ಮನೆಯ ಲ್ಯಾಪ್‌ಟಾಪು 2016ರಲ್ಲಿ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರುವಷ್ಟು ತ್ರಾಣ ಈ ಮುದಿ ಯಂತ್ರಕ್ಕಿಲ್ಲ. ಗುಜರಿಗೆ ಹಾಕಲು ಮನಸ್ಸೊಪ್ಪದೆ ಅದಕ್ಕೆ ಉಬುಂಟು ಎಂಬ ಲಿನಕ್ಸನ್ನು ಹಾಕಿದೆ. ಹಾಕಿದ್ದು ನನಗಾಗಿ ಅಲ್ಲ. ಮೈಸೂರಿನಲ್ಲಿರುವ ನಮ್ಮ ಅಣ್ಣನಿಗಾಗಿ.

ಅಣ್ಣ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಊಟ ಬಿಟ್ಟಾನು, ಓದು ಬಿಡಲಾರ. ಅಂಥವನಿಗೆ ಗ್ಲಾಕೋಮಾ ಎಂಬ ಕಾಯಿಲೆ ಅಂಟಿಕೊಂಡಿತು. ಅದು ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರವನ್ನು ಸವೆಸುತ್ತದೆ. ಒಮ್ಮೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಈಗ ಅವನಿಗೆ ಎದುರಿಗೆ ನಿಂತವರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ರಾತ್ರಿ ಪಾತ್ರೆ ಪಡಗ ಮುಗಿಸಿಕೊಂಡು ಅತ್ತಿಗೆ ಓದಿ ಹೇಳುತ್ತಾರೆ. ಎರಡು ಪುಟವಾಗುವ ಹೊತ್ತಿಗೆ ವಾಕ್ಯದ ನಡುವೆಯೇ ಅವರಿಗೆ ನಿದ್ದೆ ಹತ್ತಿಬಿಡುತ್ತದೆ. “ನಾನು ಎಬ್ಬಿಸುವುದಿಲ್ಲ ಕಣೋ. ಆ ವಾಕ್ಯ ಹೇಗೆ ಮುಗಿದೀತು ಅಂತ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡು ಮಲಗುತ್ತೇನೆ” ಎಂದು ಅಣ್ಣ ಒಮ್ಮೆ ನಗುತ್ತಲೇ ಹೇಳಿದ್ದ. ನನಗೆ ಮಾತ್ರ ನಗು ಬರಲಿಲ್ಲ.

ಲಿನಕ್ಸಿನಲ್ಲಿ ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಓರ್ಕಾ ಎಂಬ ವ್ಯವಸ್ಥೆಯಿದೆ. ಇಸ್ಪೀಕ್ ಎಂಬ ಧ್ವನಿಯಂತ್ರ ಅದಕ್ಕೆ ನಾಲಗೆ. ಆ ನಾಲಗೆಗೆ ಕನ್ನಡವೂ ಬರುತ್ತದೆ. ಇನ್ನು ಮುದ್ರಿತ ಪುಟದ ಚಿತ್ರ ತೆಗೆದರೆ ಅದರಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನಾಗಿ ಮಾಡಿಕೊಡುವುದಕ್ಕೆ ಟೆಸರಾಕ್ಟ್ ಎಂಬುದುಂಟು. 1985ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಸ್ವತ್ತಾದ ತಂತ್ರಾಂಶ ಅದು. ಕನ್ನಡ ಕಲಿಸುವ ಪೊಟ್ಟಣವನ್ನು ಪ್ರತ್ಯೇಕವಾಗಿ ತರಿಸಿ ಅದಕ್ಕೆ ಸೇರಿಸಬೇಕು. ಅಣ್ಣ ಶನಿವಾರ ಬಂದು ಭಾನುವಾರ ಮಧ್ಯಾಹ್ನದ ರೈಲಿಗೆ ಹೊರಡುವವನು. ಜೊತೆಯಲ್ಲಿ ಬಿ.ಎಸ್‌ಸಿ. ಓದುತ್ತಿರುವ ಅವನ ಮಗಳು. ಶನಿವಾರ ಸಂಜೆ ಎಲ್ಲವನ್ನೂ ಸಿದ್ಧಮಾಡಿ, ಭಾನುವಾರ ಬೆಳಿಗ್ಗೆ ಅವನಿಗೆ ಅಭ್ಯಾಸ ಮಾಡಿಸಿ ಕಳುಹಿಸುವುದೆಂದು ನಮ್ಮ ಏರ್ಪಾಡು.

ಶನಿವಾರ ಸಂಜೆ ಏಳಕ್ಕೆ ಆಜ್ಞೆ ಕೊಟ್ಟೆ. ಹೊಸ ನವೀಕರಣಗಳೂ ಸೇರಿ ತರಬೇಕಾದದ್ದು 430 ಮೆಗಾಬೈಟು ಎಂದು ಯಂತ್ರ ಹೇಳಿತು. ಬರುತ್ತಿದ್ದುದು ಸೆಕೆಂಡಿಗೆ 19 ಕಿಲೋಬೈಟು. ಉಳಿದ ಅವಧಿ ಆರೂಕಾಲು ಗಂಟೆ!

ಇಂಥ ಸಮಯದಲ್ಲಿ ಮನೆಯವರೆಲ್ಲರೂ ತಜ್ಞರಾಗುತ್ತಾರೆ. ಇಂಟರ್ನೆಟ್ಟಿನವರಿಗೆ ದುಡ್ಡು ಕಟ್ಟಿಲ್ಲವೇನೋ ಎಂದು ನನ್ನಾಕೆ ಅಡಿಗೆಮನೆಯಿಂದಲೇ ಕೇಳಿದಳು. ಆದರೆ ಅದೇ ಸಂಪರ್ಕದಿಂದ ಪಕ್ಕದ ಕೋಣೆಯಲ್ಲಿ ನನ್ನ ಮಗ ಕ್ರಿಕೆಟ್ ಪಂದ್ಯವನ್ನು ಎಲ್ಲಿಯೂ ತಡೆಯಿಲ್ಲದೆ ನೋಡುತ್ತಿದ್ದ. ಮನೆಯ ನಲ್ಲಿಯಲ್ಲಿ ನೀರು ಧಾರಾಳವಾಗಿದೆ, ಈ ಒಂದು ಕೊಳಾಯಿಯಲ್ಲಿ ಮಾತ್ರ ತೊಟ್ಟಿಕ್ಕುತ್ತಿದೆ ಎಂದಮೇಲೆ ದೋಷ ನಮ್ಮ ಮನೆಯದಲ್ಲವಷ್ಟೆ.

ಇಲ್ಲಿ ಲಿನಕ್ಸಿನ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಇದರಲ್ಲಿ ಬೇಕಾದ ಸಾಮಾನನ್ನು ಅಂಗಡಿಯಿಂದ ಅಂಗಡಿಗೆ ಅಲೆದು ತರುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಎಲ್ಲವೂ ಒಂದು ದೊಡ್ಡ ಉಗ್ರಾಣದಲ್ಲಿರುತ್ತವೆ. ಕನ್ನಡ ಲಿಪಿಗೆಂದೇ ರೂಪಿಸಿದ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಅಕ್ಷರಶೈಲಿಗಳೂ ಅಲ್ಲಿವೆ. ಜಗತ್ತಿನವರೆಲ್ಲ ಒಂದೇ ಉಗ್ರಾಣದ ಬಾಗಿಲಿಗೆ ಬಂದರೆ ನೂಕುನುಗ್ಗಲಾಗುತ್ತದೆಂದು ಅದರ ಯಥಾಪ್ರತಿಗಳನ್ನು ದೇಶದೇಶಗಳಲ್ಲಿ ಇಟ್ಟಿದ್ದಾರೆ. ಇವಕ್ಕೆ ಮಿರರ್, ಎಂದರೆ ಕನ್ನಡಿ, ಎಂದು ಹೆಸರು. ಇಟ್ಟವರು ಯಾರು? ವಿಶ್ವವಿದ್ಯಾಲಯಗಳು, ಇಂಟರ್ನೆಟ್ ಕಂಪೆನಿಗಳು, ಕೆಲವೆಡೆ ಬರಿಯ ಉತ್ಸಾಹಿಗಳು. ನಮ್ಮಿಂದ ಒಂದು ಕಾಸೂ ಕೇಳದೆ ತಮ್ಮ ಜಾಗವನ್ನೂ ತಮ್ಮ ಸಂಪರ್ಕವನ್ನೂ ಕೊಟ್ಟವರು. ಬೇಸಗೆಯಲ್ಲಿ ಅರವಟಿಗೆ ಇಡುವವರ ಜಾತಿಗೆ ಸೇರಿದವರೆಂದು ನನ್ನ ಭಾವನೆ.

ಇದು ಇಂದಿನ ಪದ್ಧತಿಯಲ್ಲ. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ತನ್ನ ವ್ಯವಸ್ಥೆಯನ್ನು ರಚಿಸಿದಾಗ ಅದಕ್ಕೆ ‘ಫ್ರೀಯಾಕ್ಸ್’ ಎಂಬ ಹೆಸರಿಡಬೇಕೆಂದಿದ್ದ. ಎಲ್ಲರೂ ಇಳಿಸಿಕೊಳ್ಳುವಂತೆ ಅದನ್ನು ಸರ್ವರಿನಲ್ಲಿ ಇರಿಸಿಕೊಟ್ಟವನು ಆರಿ ಲೆಮ್ಕೆ. ಆತನಿಗೆ ಆ ಹೆಸರು ಹಿಡಿಸದೆ ಕಡತದ ಗೂಡಿಗೆ ‘ಲಿನಕ್ಸ್’ ಎಂದು ಬರೆದುಬಿಟ್ಟ. ಅದೇ ನಿಂತಿತು. ಹೆತ್ತವನು ಇಡಬೇಕಾಗಿದ್ದ ಹೆಸರನ್ನು ಉಗ್ರಾಣದವನು ಇಟ್ಟ ಕತೆ ಇದು! ಇಂದು ಈ ಉಗ್ರಾಣಗಳ ಪ್ರತಿಗಳನ್ನು ಹೊಂದಿಸುವುದಕ್ಕೆ ಬಹುವಾಗಿ ಬಳಸುವ ‘ಆರ್‌ಸಿಂಕ್’ ಎಂಬ ತಂತ್ರಾಂಶ 1996ರಲ್ಲಿ ಬಂದದ್ದು. ಇಡೀ ಉಗ್ರಾಣವನ್ನು ದಿನವೂ ಸಾಗಿಸುವ ಬದಲು, ಬದಲಾದದ್ದನ್ನಷ್ಟೇ ಕಳುಹಿಸುವುದು ಅದರ ಜಾಣತನ.

ಆದರೆ ಅರವಟಿಗೆ ಎಂದಮೇಲೆ ಎಲ್ಲ ಮಡಕೆಯೂ ಸದಾ ತುಂಬಿರುತ್ತದೆಯೆ? ಹೊಸ ಆವೃತ್ತಿ ಬಿಡುಗಡೆಯಾದ ವಾರ ಜನ ಮುಗಿಬೀಳುತ್ತಾರೆ. ಕೆಲವು ಕಡೆ ಯಂತ್ರ ಹಳೆಯದು. ಕೆಲವು ಕಡೆ ಅವರಿಗೂ ನಮಗೂ ನಡುವಿನ ದಾರಿ ಸುತ್ತುಬಳಸು. ನಮ್ಮ ಲ್ಯಾಪ್‌ಟಾಪಿಗೆ ಆ ದಿನ ಗಂಟುಬಿದ್ದಿದ್ದ ಕನ್ನಡಿ ಯಾರದೆಂದು ಬರೆಯಲಾರೆ. ಪುಕ್ಕಟೆ ನೀರು ಕೊಟ್ಟವರ ಬಿಂದಿಗೆ ತೂತೆಂದು ಊರಿಗೆಲ್ಲ ಸಾರುವುದು ಸಭ್ಯತೆಯಲ್ಲ.

ಮುಕ್ಕಾಲು ಪಾಲು ಗಂಟೆಯಲ್ಲಿ ಬಂದದ್ದು 50 ಮೆಗಾಬೈಟು. “ಬಿಡು, ಇನ್ನೊಮ್ಮೆ ಬಂದಾಗ ನೋಡೋಣ” ಎಂದ ಅಣ್ಣ. ಅವನ ಇನ್ನೊಮ್ಮೆ ಎಂದರೆ ಆರು ತಿಂಗಳು. ಅಷ್ಟರಲ್ಲಿ ಎಷ್ಟು ವಾಕ್ಯಗಳನ್ನು ಅರ್ಧಕ್ಕೆ ಬಿಟ್ಟು ಮಲಗಬೇಕೋ!

“ಚಿಕ್ಕಪ್ಪ, ಕನ್ನಡಿ ಬದಲಿಸೋಣ” ಎಂದಳು ಅಣ್ಣನ ಮಗಳು.

ಬಂದಷ್ಟು ವ್ಯರ್ಥವಾಗುವುದಿಲ್ಲವೆ ಎಂದು ನನ್ನಾಕೆಗೆ ಆತಂಕ. ಆಗುವುದಿಲ್ಲ. ಪೂರ್ತಿ ಬಂದ ಪೊಟ್ಟಣಗಳು ಒಂದು ಗೂಡಿನಲ್ಲಿ, ಅರ್ಧ ಬಂದವು ಇನ್ನೊಂದು ಗೂಡಿನಲ್ಲಿ ಉಳಿದಿರುತ್ತವೆ. ನಿಲ್ಲಿಸಿದ ಕಡೆಯಿಂದ ಮುಂದುವರಿಸಬಹುದು. ನಿಲ್ಲಿಸಿದೆವು. ತಂತ್ರಾಂಶ ಮತ್ತು ನವೀಕರಣಗಳ ಕಿಟಕಿಯಲ್ಲಿ, ಎಲ್ಲಿಂದ ಇಳಿಸಬೇಕೆಂದು ಕೇಳುವ ಕಡೆ ‘ಇತರೆ’ ಎಂಬುದನ್ನು ಒತ್ತಿದರೆ ದೇಶವಾರಾಗಿ ಉದ್ದನೆಯ ಪಟ್ಟಿ ತೆರೆಯುತ್ತದೆ. ಅತ್ಯುತ್ತಮ ಸರ್ವರನ್ನು ಆರಿಸು ಎಂಬ ಗುಂಡಿಯೂ ಅಲ್ಲಿದೆ. ಅದನ್ನು ಒತ್ತಿದೊಡನೆ ಯಂತ್ರ, ಹೆಣ್ಣು ನೋಡಲು ಹೊರಟವರ ಹಾಗೆ, ಒಂದೊಂದೇ ಮನೆಯ ಕದ ತಟ್ಟಿ ಪರೀಕ್ಷಿಸಿ ಬಂತು.

ಅಷ್ಟರಲ್ಲಿ ಅಣ್ಣ ತನ್ನ ಮೇಷ್ಟರಿಕೆಯ ಪ್ರಶ್ನೆ ಹಾಕಿದ. “ಅಲ್ಲವೋ, ಗುರುತು ಪರಿಚಯವಿಲ್ಲದವರ ಕೈಯಿಂದ ಸಾಮಾನು ತೆಗೆದುಕೊಂಡು ಮನೆಯೊಳಗಿಡುತ್ತೀಯಲ್ಲ. ಏನಾದರೂ ಬೆರೆಸಿ ಕೊಟ್ಟರೆ?”

ಪ್ರಶ್ನೆ ಬಹಳ ಯುಕ್ತವಾದದ್ದು. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಅಂಶ ಇರುವುದೂ ಅಲ್ಲಿಯೇ. ಉಗ್ರಾಣದ ಪಟ್ಟಿಗೆ ಮೂಲಸ್ಥಾನದವರು ಒಂದು ಗುಪ್ತ ಕೀಲಿಯಿಂದ ರುಜು ಹಾಕಿರುತ್ತಾರೆ. ಆ ರುಜುವನ್ನು ಪರೀಕ್ಷಿಸುವ ಕೀಲಿ ಮೊದಲಿನಿಂದಲೂ ನಮ್ಮ ಯಂತ್ರದಲ್ಲಿಯೇ ಇರುತ್ತದೆ. ಪ್ರತಿಯೊಂದು ಪೊಟ್ಟಣದ ಬೆರಳಗುರುತಿನಂಥ ಒಂದು ಉದ್ದನೆಯ ಸಂಖ್ಯೆಯೂ ಆ ಲೆಕ್ಕದಲ್ಲಿ ಸೇರಿರುತ್ತದೆ. ನಡುವಿನವನು ಒಂದು ಅಕ್ಷರ ತಿದ್ದಿದರೂ ಸಂಖ್ಯೆ ಹೊಂದುವುದಿಲ್ಲ; ಯಂತ್ರ ಪೊಟ್ಟಣವನ್ನು ಒಳಗೆ ಬಿಡುವುದಿಲ್ಲ. “ಅರಗಿನ ಮುದ್ರೆ ಒತ್ತಿದ ಲಕೋಟೆ ಅನ್ನು” ಎಂದ ಅಣ್ಣ. ನಾನು ಇಷ್ಟುದ್ದ ಹೇಳಿದ್ದನ್ನು ಅವನು ನಾಲ್ಕೇ ಮಾತಿನಲ್ಲಿ ಮುಗಿಸಿದ. ಮೇಷ್ಟರಲ್ಲವೆ!

ಕದ ತಟ್ಟಿ ಬಂದ ಯಂತ್ರ ಮೊದಲು ಆರಿಸಿದ ಕನ್ನಡಿ ಚುರುಕಾಗಿಯೇ ಓಗೊಟ್ಟಿತು. ಆದರೆ ಪಟ್ಟಿಯನ್ನು ತರುವ ಹೊತ್ತಿಗೆ ಸಂಖ್ಯೆ ಹೊಂದುತ್ತಿಲ್ಲವೆಂಬ ತಕರಾರು ಬಂತು. ಅಣ್ಣನ ಮುಖ ಗಂಭೀರವಾಯಿತು; ಮೋಸವೇ ಹೊರಬಿತ್ತೆಂದು ಅವನ ಎಣಿಕೆ. ಸಾಮಾನ್ಯವಾಗಿ ಇದು ಮೋಸವಲ್ಲ. ಕನ್ನಡಿ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತಿರುವ ನಡುವೆ ನಾವು ಹೋಗಿ ನಿಂತರೆ ಅರ್ಧ ಹಳೆಯದು ಅರ್ಧ ಹೊಸದು ಕೈಗೆ ಬಂದು ಹೀಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಸರಿಹೋಗುತ್ತದೆ. ಆದರೆ ಸ್ವಲ್ಪ ಹೊತ್ತೆಂಬುದನ್ನು ಕೇಳುವ ಸ್ಥಿತಿಯಲ್ಲಿ ನಾವಿರಲಿಲ್ಲ. ಹುಡುಗಿ ಪಟ್ಟಿಯಲ್ಲಿ ಕೈಯಾಡಿಸಿ ತೈವಾನಿನ ಒಂದು ವಿಶ್ವವಿದ್ಯಾಲಯದ ಕನ್ನಡಿಯನ್ನು ಹಿಡಿದಳು. ಭದ್ರತೆಗೆ ಸಂಬಂಧಪಟ್ಟ ನವೀಕರಣಗಳ ವಿಳಾಸ ಬೇರೆಯೇ ಇರುತ್ತದೆ. ಕನ್ನಡಿಗಳಿಗೆ ಹೊಸದು ತಲುಪುವುದು ಕೆಲವು ಗಂಟೆ ತಡವಾದೀತೆಂದು ಅದನ್ನು ಮಾತ್ರ ಅವಳು ಮುಟ್ಟಲಿಲ್ಲ. ಇಷ್ಟು ವಿವೇಕ ಇಪ್ಪತ್ತರ ವಯಸ್ಸಿನಲ್ಲಿ ನನಗಿದ್ದಂತೆ ನೆನಪಿಲ್ಲ.

ಸಮುದ್ರದಾಚೆಯ ತೈವಾನು ಹತ್ತಿರದ ಊರಿಗಿಂತ ಬೇಗ ತಂದುಕೊಟ್ಟೀತೇ ಎಂದು ನನ್ನಾಕೆ ನಂಬಲಿಲ್ಲ. ಈ ವ್ಯವಹಾರದಲ್ಲಿ ಮೈಲಿಗಿಂತ ದಾರಿಯ ಅಗಲ ಹೆಚ್ಚಿನದು. ಸೆಕೆಂಡಿಗೆ ಎರಡೂವರೆ ಮೆಗಾಬೈಟಿನಂತೆ ಬಂತು. ಉಳಿದದ್ದೆಲ್ಲ ಮೂರು ನಿಮಿಷದೊಳಗೆ ಮುಗಿಯಿತು. ಅಣ್ಣನ ಕೈಯಲ್ಲಿದ್ದ ಕಾಫಿ ಇನ್ನೂ ಬಿಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹಳೆಯ ವಾರಪತ್ರಿಕೆಯೊಂದರ ಧಾರಾವಾಹಿಯ ಪುಟವನ್ನು ಚಿತ್ರ ತೆಗೆದು ಯಂತ್ರಕ್ಕೆ ಕೊಟ್ಟೆವು. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವಿದರೂ ಪಠ್ಯ ಬಂತು. ಧ್ವನಿ ಓದತೊಡಗಿತು. ರಾಗವಿಲ್ಲ, ಭಾವವಿಲ್ಲ, ಕಂಠಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೇ ಸಮನೆ ಉಸುರುತ್ತಿತ್ತು. ನಾಯಕಿ ಅಳುವ ಸಂದರ್ಭವನ್ನೂ ರೈಲ್ವೆ ವೇಳಾಪಟ್ಟಿಯಂತೆ ಓದಿತು. ಅಣ್ಣ ಎರಡು ಕಡೆ ಉಚ್ಚಾರಣೆ ತಿದ್ದಿದ, ಅದು ತಿದ್ದಿಕೊಳ್ಳಲಿಲ್ಲ. “ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ” ಎಂದು ಸುಮ್ಮನಾದ. ಪುಟ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಮುಗಿದಮೇಲೆ, “ಮುಂದಿನ ಪುಟ” ಎಂದ.

ಆ ಮಧ್ಯಾಹ್ನ ರೈಲು ಹತ್ತುವಾಗ ಲ್ಯಾಪ್‌ಟಾಪಿನ ಚೀಲವನ್ನು ಅವನು ಮಗಳ ಕೈಗೂ ಕೊಡಲಿಲ್ಲ.

ಹತ್ತು ದಿನದ ಮೇಲೆ ಅತ್ತಿಗೆ ಫೋನು ಮಾಡಿದ್ದರು. ರಾತ್ರಿ ಹನ್ನೊಂದಾದರೂ ಮನೆಯಲ್ಲಿ ಈ ಗಂಡಸಿನ ಗಡಸು ಗಂಟಲು ನಿಲ್ಲುವುದಿಲ್ಲ, ಕಿವಿಗೆ ಹಾಕಿಕೊಳ್ಳುವಂಥದ್ದೇನಾದರೂ ಕಳುಹಿಸಪ್ಪ ಎಂದರು. ಹಿಂದಿನಿಂದ ಹುಡುಗಿ ಫೋನು ಕಿತ್ತುಕೊಂಡು, “ಚಿಕ್ಕಪ್ಪ, ಆ ತೈವಾನಿನದು ಇಲ್ಲಿ ನಮ್ಮ ಮನೆಯ ಸಂಪರ್ಕದಲ್ಲಿ ಓಡುವುದಿಲ್ಲ. ಪಟ್ಟಿಯಲ್ಲಿ ಬೇರೊಂದನ್ನು ಹಾಕಿದ್ದೇನೆ” ಎಂದಳು.