ಮೋಡದ ನೆತ್ತಿ ನೋಡಿ ಮಳೆ ಹೇಳೋದು

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ರೂಮಿನ ಮೂವರ ಫೋನಲ್ಲೂ ಒಂದೇ ಚಿತ್ರ: ಭಾರತದ ಮೇಲೆ ಬಿಳಿ ಮೋಡ ಹರಡಿರೋ ಇನ್ಸಾಟ್ ಫೋಟೋ. ನೀವೂ ನೋಡಿರ್ತೀರಿ. ಟಿವಿಯವರು ಅದಕ್ಕೆ ಬಣ್ಣ ಹಚ್ಚಿ ‘ಭಾರೀ ಮಳೆ’ ಅಂತಾರೆ. ಈ ಫೋಟೋದಲ್ಲಿ ಮಳೆ ಎಲ್ಲಿದೆ ಅಂತ ಹುಡುಕೋಕೆ ಹೊರಟ್ವಿ. ಉತ್ತರ ಚಿಕ್ಕದು: ಎಲ್ಲೂ ಇಲ್ಲ. ಅದರಲ್ಲಿ ಕಾಣೋದು ಮೋಡದ ನೆತ್ತಿ ಮಾತ್ರ.

ನಮಗೆ ಇದು ಬರೀ ಕುತೂಹಲದ ವಿಷಯ ಆಗಿರಲಿಲ್ಲ. ನಮ್ಮಲ್ಲೊಬ್ಬ ತೀರ್ಥಹಳ್ಳಿ ಕಡೆಯವನು, ಮನೆಯಲ್ಲಿ ಅಡಿಕೆ ತೋಟ. ಜುಲೈ ಬಂದರೆ ಅವನ ಅಪ್ಪಯ್ಯನಿಂದ ಫೋನ್. “ಏನ್ರೋ, ನಿಮ್ ಸ್ಯಾಟಲೈಟ್ ಏನ್ ಹೇಳುತ್ತೆ? ನಾಳೆ ಹೊಳವಾಗುತ್ತಾ?” ಇಂಗ್ಲಿಷ್ ಮೀಡಿಯಂನ ನಮ್ಮಲ್ಲಿ ಇಬ್ಬರಿಗೆ ‘ಹೊಳವು’ ಅನ್ನೋ ಪದವೇ ಹೊಸದು. ಸುರಿಯೋ ಮಳೆ ನಡುವೆ ಸಿಗೋ ಬಿಡುವು ಅದು. ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನ ಗೊನೆಗೆ ಹೊಡೀಬೇಕು. ಅದು ಕಾಯಿ ಮೇಲೆ ಒಣಗೋಕೆ ಕೆಲವು ಗಂಟೆ ಮಳೆ ಬಿಡಬೇಕು. ಮರ ಹತ್ತುವವರು ಸಿಗೋದೇ ಕಷ್ಟ. ಸಿಕ್ಕ ದಿನ ಮಳೆ ಹೊಡೆದರೆ ಕೂಲಿ, ಔಷಧಿ ಎರಡೂ ನೀರುಪಾಲು.

ಸರಿ, ಉಪಗ್ರಹಕ್ಕೆ ಏನು ಗೊತ್ತಾಗುತ್ತೆ? ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರ್ 8ರಂದು, ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಶ್ರೀಹರಿಕೋಟಾದಿಂದ ಹಾರಿದವು. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿ ಜೊತೆಗೇ ಸುತ್ತೋದ್ರಿಂದ ಅವು ನಮ್ಮ ತಲೆ ಮೇಲೆ ನಿಂತ ಹಾಗೇ ಇರ್ತವೆ. ಇಸ್ರೋದ ಇಂಥ ಉಪಗ್ರಹಗಳ ಲಗಾಮು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿದೆ. ಒಂದೊಂದರಲ್ಲೂ 6 ಚಾನೆಲ್‌ನ ಇಮೇಜರ್, 19 ಚಾನೆಲ್‌ನ ಸೌಂಡರ್. ಸೌಂಡರ್ ಗಾಳಿಯ ಉಷ್ಣತೆ, ತೇವಾಂಶವನ್ನ ಪದರ ಪದರವಾಗಿ ಅಂದಾಜು ಮಾಡೋಕೆ ಸಹಾಯ ಮಾಡುತ್ತೆ. ರಾತ್ರಿ ಹೊತ್ತು ಮೋಡ ಕಾಣೋದು ಇಮೇಜರ್‌ನ ಇನ್‌ಫ್ರಾರೆಡ್ ಚಾನೆಲ್‌ನಿಂದ. 10.8 ಮೈಕ್ರಾನ್ ಸುತ್ತಮುತ್ತ ಮೋಡದ ನೆತ್ತಿಯಿಂದ ಬರೋ ಶಾಖದ ವಿಕಿರಣವನ್ನ ಅದು ಅಳೆಯುತ್ತೆ. ಒಂದು ಪಿಕ್ಸೆಲ್ ಅಂದ್ರೆ ಸುಮಾರು 4 ಕಿ.ಮೀ.

ಅಳೆದದ್ದು ಶಾಖ. ಮಳೆ ನಾವು ಮಾಡಿಕೊಂಡ ಊಹೆ. ಮೇಲೆ ಹೋದಷ್ಟೂ ಚಳಿ, ಹಾಗಾಗಿ ನೆತ್ತಿ ತಣ್ಣಗಿದ್ರೆ ಮೋಡ ಎತ್ತರ. ಎತ್ತರ ಇದ್ರೆ ಮಳೆ ಜೋರು. ಇದರ ಮೇಲೆ ನಿಂತ ಹಳೇ ಸೂತ್ರವೊಂದಿದೆ: ಒಂದು ದೊಡ್ಡ ಚೌಕದಲ್ಲಿ 235 ಕೆಲ್ವಿನ್‌ಗಿಂತ, ಅಂದ್ರೆ ಸುಮಾರು ಮೈನಸ್ 38 ಡಿಗ್ರಿಗಿಂತ ತಣ್ಣಗಿರೋ ಪಿಕ್ಸೆಲ್‌ಗಳ ಪಾಲು ಎಷ್ಟು ಅಂತ ಎಣಿಸಿ, ಅದನ್ನ ಗಂಟೆಗೆ 3 ಮಿ.ಮೀ.ನಿಂದ ಗುಣಿಸೋದು. ಅಷ್ಟೇ. ಉಷ್ಣವಲಯದ ವಿಶಾಲ ಪ್ರದೇಶದಲ್ಲಿ ತಿಂಗಳ ಸರಾಸರಿ ತೆಗೆದ್ರೆ ಚೆನ್ನಾಗೇ ಕೆಲಸ ಮಾಡುತ್ತೆ.

ಆದ್ರೆ ತಿಂಗಳ ಸರಾಸರಿ ಇಟ್ಕೊಂಡು ಯಾರೂ ಔಷಧಿ ಹೊಡೆಯಲ್ಲ. ಬೆಂಗಳೂರಲ್ಲಿ ಮೇ ತಿಂಗಳ ಗುಡುಗು ಮಳೆ ನೆನಪಿಸಿಕೊಳ್ಳಿ. ಮೋಡ ಹತ್ತು-ಹದಿನೈದು ಕಿ.ಮೀ. ಬೆಳೆದು, ನೆತ್ತಿ ಛತ್ರಿ ಥರ ಅಗಲವಾಗಿ ಹರಡುತ್ತೆ. ಆ ಛತ್ರಿಯೂ ತಣ್ಣಗೇ ಇರುತ್ತೆ, ಕೆಳಗೆ ಎಷ್ಟೋ ಕಡೆ ಹನಿಯೂ ಬೀಳಲ್ಲ. ಮಲೆನಾಡಲ್ಲಿ ಇದರ ಉಲ್ಟಾ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುವಾಗ ಗಿಡ್ಡ ಮೋಡಗಳೇ ಬಿಡದೆ ಸುರೀತವೆ. ನೆತ್ತಿ ಅಷ್ಟೇನೂ ತಣ್ಣಗಿರಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟೋ ಆಗುಂಬೆಯಂಥ ಕಡೆಯೇ ಇನ್‌ಫ್ರಾರೆಡ್ ಲೆಕ್ಕ ಮಳೆಯನ್ನ ಕಡಿಮೆ ತೋರಿಸಿಬಿಡುತ್ತೆ. ಅಷ್ಟೊಂದು ಮಳೆ ಬೀಳೋ ಜಾಗ ಲೆಕ್ಕದಲ್ಲಿ ಬಡವಾಗೋದು ಅಂದ್ರೆ ಇದೇ.

ಮೈಕ್ರೋವೇವ್‌ನಿಂದ ಮೋಡದ ಒಳಗೂ ನೋಡಬಹುದು. ಅದಕ್ಕೆಂದೇ ಭಾರತ, ಫ್ರಾನ್ಸ್ ಸೇರಿ 2011ರಲ್ಲಿ ಮೇಘಾ-ಟ್ರಾಪಿಕ್ಸ್ ಹಾರಿಸಿದ್ವು. ಅದರಲ್ಲಿ ಮಳೆ ನೋಡ್ತಿದ್ದ ಮದ್ರಾಸ್ ಉಪಕರಣ 2013ರಲ್ಲೇ ಕೈಕೊಟ್ಟಿತು. 2014ರಲ್ಲಿ ಹೋದ ಅಮೆರಿಕ-ಜಪಾನ್‌ನ ಜಿಪಿಎಂ ಉಪಗ್ರಹದಲ್ಲಿ ರೇಡಾರ್ ಕೂಡ ಇದೆ. ಆದ್ರೆ ಅದು ಕೆಳಗಿನ ಕಕ್ಷೆಯದು, ಊರ ಮೇಲೆ ಹಾದು ಹೋಗಿಬಿಡುತ್ತೆ. ಬೆಟ್ಟ ಇರೋ ಕಡೆ ನೆಲದ ಪ್ರತಿಧ್ವನಿ ಬೆರೆತು ಕೊನೆಯ ಒಂದೆರಡು ಕಿ.ಮೀ. ಸರಿಯಾಗಿ ಕಾಣಲ್ಲ. ಗಿಡ್ಡ ಮೋಡದ ಮಳೆ ಇರೋದೇ ಅಲ್ಲಿ!

ಹಾಗಂತ ಉಪಗ್ರಹ ಬೇಡ ಅಂತಲ್ಲ. ಅರಬ್ಬಿ ಸಮುದ್ರದ ಮಧ್ಯೆ ಚಂಡಮಾರುತ ಹುಟ್ಟಿದ್ರೆ ಅಲ್ಲಿ ಮಳೆಮಾಪಕ ಇಟ್ಟವರು ಯಾರು? ಅಲ್ಲಿ ಇದೇ ನಮ್ಮ ಕಣ್ಣು. ಆದ್ರೆ ಮೇಲಿನ ಕಣ್ಣಿಗೆ ಕೆಳಗಿಂದ ಸಾಕ್ಷಿ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವನ್ನ ನೋಡಿಕೊಳ್ಳುತ್ತೆ. ಅಡಿಕೆಗೆ ಇರೋ ಹವಾಮಾನ ಆಧಾರಿತ ವಿಮೆಯ ಪರಿಹಾರಕ್ಕೂ ಮಾಪಕದ ಅಂಕಿಯೇ ಆಧಾರ. ಒಂದು ಮಾಪಕ ಕೆಟ್ಟು ಕೂತ್ರೆ ಬರೀ ಡೇಟಾ ಹೋಗಲ್ಲ, ಒಂದು ಊರಿನ ದುಡ್ಡು ಹೋಗಬಹುದು.

ನಮ್ಮ ಮಿನಿ ಪ್ರಾಜೆಕ್ಟ್ ಹುಟ್ಟಿದ್ದು ಇಲ್ಲಿಂದ. ಏತ-ಪಾತದ ಥರ ಆಡೋ ಎರಡು ಪುಟ್ಟ ಬಟ್ಟಲು, ಒಂದು ಮ್ಯಾಗ್ನೆಟ್, ಒಂದು ರೀಡ್ ಸ್ವಿಚ್, ಒಂದು ಇಎಸ್‌ಪಿ32. ಬಟ್ಟಲು ತುಂಬಿ ಮಗುಚಿದಾಗೆಲ್ಲ ಒಂದು ಎಣಿಕೆ. ಜಡಿಮಳೆಯಲ್ಲಿ ಬಟ್ಟಲು ಮಗುಚೋ ಹೊತ್ತಿಗೇ ಒಂದಿಷ್ಟು ನೀರು ಲೆಕ್ಕ ತಪ್ಪಿ ಹೋಗುತ್ತೆ, ಅದಕ್ಕೆ ತಿದ್ದುಪಡಿ ಹಾಕ್ತಿದ್ದೀವಿ. ಅಪ್ಪಯ್ಯನಿಗೆ ತೋರಿಸಿದ್ವಿ. ಅವರು ಸರ್ಕ್ಯೂಟ್ ಕಡೆ ನೋಡಲೇ ಇಲ್ಲ. “ಮೇಲಿನ ಆಲಿಕೆಗೆ ಜಾಲರಿ ಹಾಕ್ರಪ್ಪ, ಇರುವೆ ಗೂಡು ಕಟ್ತವೆ” ಅಂದ್ರು. ಜಾಲರಿ ಹಾಕಿದ್ದೀವಿ. ನಿಮ್ಮೂರಲ್ಲಿ ಮನೆಯಲ್ಲೇ ಮಳೆ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡೋರು ಯಾರಾದ್ರೂ ಇದ್ರೆ, ಆ ಹಾಳೆಗಳ ಫೋಟೋ ತಂದು ಕೊಡಿ. ನಮಗೆ ಅದಕ್ಕಿಂತ ಒಳ್ಳೆ ಡೇಟಾಸೆಟ್ ಸಿಗಲ್ಲ.