ಬಾಗಿಲು ರಿಪೇರಿಯ ಖರ್ಚು

ಜಪಾನಿನ ನಿಂಟೆಂಡೊ ಕಂಪನಿ 1986ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ವಿಡಿಯೋ ಗೇಮಿನಲ್ಲಿ ರಾಕ್ಷಸರ ಕಾಟವನ್ನಾದರೂ ಸಹಿಸಬಹುದು, ಒಬ್ಬ ಮುದುಕನ ಕಾಟವನ್ನು ಸಹಿಸುವುದು ಕಷ್ಟ. ಆಟಗಾರ ನಡೆಸುವ ಲಿಂಕ್ ಎಂಬ ಹುಡುಗ ಬಂಡೆಗೆ ಬಾಂಬ್ ಇಟ್ಟಾಗ ಅಥವಾ ಪೊದೆಗೆ ಬೆಂಕಿ ಹಚ್ಚಿದಾಗ ಕೆಲವೆಡೆ ಗುಪ್ತದ್ವಾರ ತೆರೆದುಕೊಳ್ಳುತ್ತದೆ. ನಿಧಿಯ ಆಸೆಯಿಂದ ಒಳಹೊಕ್ಕರೆ, ಅಲ್ಲಿ ನಿಂತಿರುವ ಮುದುಕ ಬಾಗಿಲು ರಿಪೇರಿಯ ಖರ್ಚೆಂದು 20 ರುಪಿ ಕಿತ್ತುಕೊಳ್ಳುತ್ತಾನೆ. ರುಪಿ ಎಂದರೆ ಆ ಲೋಕದಲ್ಲಿ ಹಣವಾಗಿ ಚಲಾವಣೆಯಲ್ಲಿರುವ ಹರಳು. ಹೆಸರು ಕೇಳಿದ ಭಾರತೀಯನ ಕೈ ತಾನಾಗಿ ಜೇಬು ತಡಕಿದರೆ ಆಶ್ಚರ್ಯವಿಲ್ಲ. ಅಂಗಡಿಯಲ್ಲಿ 4 ಬಾಂಬಿಗೆ 20 ರುಪಿ ಬೆಲೆಯಿರುವುದರಿಂದ, 5 ರುಪಿಯ ಮದ್ದು ಸುಟ್ಟು 20 ರುಪಿಯ ದಂಡ ತೆತ್ತಂತಾಯಿತು. ಮತ್ತೊಂದು ಗುಪ್ತದ್ವಾರದ ಹಿಂದಾದರೋ, ಕಾಡಿನಲ್ಲಿ ಕೊಲ್ಲಲು ಬರುವ ಜಾತಿಯ ರಾಕ್ಷಸನೇ ಗುಟ್ಟಾಗಿಡಬೇಕೆಂಬ ಧಾಟಿಯಲ್ಲಿ ಹಣ ಕೊಟ್ಟು ಕಳಿಸುತ್ತಾನೆ. ಸಜ್ಜನ ದಂಡ ಹಾಕಿ ದುರ್ಜನ ದಾನ ಮಾಡುವ ಈ ಏರ್ಪಾಡನ್ನು ಯಾವ ನೀತಿಶಾಸ್ತ್ರವೂ ಒಪ್ಪಲಾರದು.

ಹಾಗೆಂದು ಬಂಡೆ ಒಡೆಯುವುದನ್ನು ಯಾರೂ ಬಿಡುವುದಿಲ್ಲ. ಹೈರೂಲ್ ಎಂಬ ಆ ನಾಡಿನ ಮೇಲ್ನೆಲ ಅಡ್ಡಕ್ಕೆ 16, ಉದ್ದಕ್ಕೆ 8ರಂತೆ 128 ಪರದೆಗಳಲ್ಲಿ ಹರಡಿಕೊಂಡಿದ್ದು, ಯಾವ ಬಂಡೆ ಒಡೆಯುತ್ತದೆ ಎಂಬುದಕ್ಕೆ ಗುರುತಿಲ್ಲದ ಕಾರಣ ಎಲ್ಲ ಬಂಡೆಗಳ ಮೇಲೂ ಅನುಮಾನ ಹುಟ್ಟುತ್ತದೆ. ಆರಂಭದಲ್ಲಿ ಲಿಂಕನ ಕೈಯಲ್ಲಿ ಕತ್ತಿಯೂ ಇರುವುದಿಲ್ಲ. ಪಕ್ಕದಲ್ಲೇ ಕಪ್ಪಗೆ ಬಾಯಿ ತೆರೆದಿರುವ ಗುಹೆಗೆ ಹೋದವನಿಗೆ ಅದು ಸಿಗುತ್ತದೆ, ಹೋಗದವನು ಬರಿಗೈಯಲ್ಲೇ ಅಲೆಯಬಹುದು. ಆಟದ ಕರ್ತೃಗಳಲ್ಲಿ ಒಬ್ಬರಾದ ಶಿಗೆರು ಮಿಯಾಮೊಟೊ ಕ್ಯೋಟೊ ಸಮೀಪದ ಸೊನೊಬೆಯಲ್ಲಿ ಬಾಲ್ಯ ಕಳೆದವರು. ಅಲ್ಲಿ ಕಂಡ ಗುಹೆಯೊಂದಕ್ಕೆ ಲಾಂದ್ರ ಹಿಡಿದು ಇಳಿದದ್ದನ್ನು ಅವರು ನೆನಪಿಸಿಕೊಂಡಿದ್ದಾರೆ. ಆ ಗುಹೆಯ ಬಾಗಿಲಿಗೆ ಯಾರಾದರೂ ವಿವರಣೆಯ ಫಲಕ ನೆಟ್ಟಿದ್ದರೆ, ಹುಡುಗ ಅದನ್ನೇ ಓದಿಕೊಂಡು ಮನೆಗೆ ಮರಳುತ್ತಿದ್ದನೋ ಏನೋ.

ಕಾಳಗದ ಲೆಕ್ಕ ಈ ಹುಡುಕಾಟದ ಲೆಕ್ಕಕ್ಕಿಂತ ಬಿಗಿ. ಪರದೆಯ ಮೇಲಿನ ಕೆಂಪು ಹೃದಯಗಳು ಲಿಂಕನ ಪ್ರಾಣದ ಅಳತೆಯಾಗಿದ್ದು, ಅವು ತುಂಬಿರುವವರೆಗೆ ಮಾತ್ರ ಅವನ ಕತ್ತಿ ದೂರದ ವೈರಿಗೂ ತಗಲುವ ಕಿರಣವನ್ನು ಚಿಮ್ಮಿಸುತ್ತದೆ; ಅರ್ಧ ಹೃದಯ ಹೋದರೂ ಆ ಶಕ್ತಿ ಉಡುಗಿ, ಗಾಯಗೊಂಡವನೇ ವೈರಿಯ ಹತ್ತಿರ ಹೋಗಿ ಹೊಡೆಯಬೇಕಾಗುತ್ತದೆ. ಉಳ್ಳವನಿಗೇ ಮತ್ತಷ್ಟು ಎನ್ನುವ ಈ ನ್ಯಾಯ ಪರಿಚಿತವಾದದ್ದೇ. ಬಿಲ್ಲು ಸಿಕ್ಕಿದ ಮೇಲೂ ಬಾಣಗಳಿಗೆ ಬತ್ತಳಿಕೆಯಿಲ್ಲ. ಒಂದು ಬಾಣ ಬಿಟ್ಟರೆ ಥೈಲಿಯಿಂದ ಒಂದು ರುಪಿ ಕಡಿಮೆಯಾಗುತ್ತದೆ, ಥೈಲಿ ಬರಿದಾದರೆ ಬಿಲ್ಲು ಬರೀ ಕೋಲು. ಆ ಥೈಲಿಯಾದರೂ 255 ರುಪಿಗಿಂತ ಹೆಚ್ಚು ಹಿಡಿಯದು. ಆಟ ಹಣದ ಲೆಕ್ಕವಿಡುವುದು ಎಂಟು ಬಿಟ್‌ಗಳಲ್ಲಿ; ಬಿಟ್ ಎಂದರೆ ಸೊನ್ನೆ ಅಥವಾ ಒಂದು ಮಾತ್ರ ಕೂರಬಲ್ಲ ಸ್ಥಾನ. ಅಂಥ ಎಂಟು ಸ್ಥಾನಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆಯೇ 255.

ಈ ಒಂದು ರುಪಿಯ ಬಾಣದ ಪೂರ್ಣ ಬೆಲೆ ತಿಳಿಯುವುದು ನೆಲಮಾಳಿಗೆಗಳಲ್ಲಿ ಕುಪ್ಪಳಿಸುವ ಪೋಲ್ಸ್ ವಾಯ್ಸ್ ಎಂಬ ದೊಡ್ಡ ಕಿವಿಯ ಪ್ರಾಣಿಯೆದುರು. ಕತ್ತಿಯ ಹಲವು ಏಟು ತಿಂದರೂ ಸಾಯದ ಅದಕ್ಕೆ ಗದ್ದಲವೆಂದರೆ ಆಗದು. ಜಪಾನಿನಲ್ಲಿ ಈ ಆಟ ಆಡುತ್ತಿದ್ದ ಫ್ಯಾಮಿಕಾಮ್ ಯಂತ್ರದ ಎರಡನೆಯ ಕಂಟ್ರೋಲರಿನಲ್ಲಿ ಪುಟ್ಟ ಮೈಕ್ ಇದ್ದುದರಿಂದ, ಅಲ್ಲಿನ ಮಕ್ಕಳು ಅದರೊಳಗೆ ಕೂಗಿಯೇ ಆ ಪ್ರಾಣಿಯನ್ನು ಕೊಲ್ಲಬಹುದಿತ್ತು. ಕೂಗಬೇಡವೆಂದು ಗದರುವ ಹಿರಿಯರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೊಂದಿರಲಾರದು. 1987ರಲ್ಲಿ ಆಟ ಅಮೆರಿಕಕ್ಕೆ ಹೋದಾಗ ಅಲ್ಲಿನ ಕಂಟ್ರೋಲರಿನಲ್ಲಿ ಮೈಕ್ ಇರಲಿಲ್ಲ. ಆದರೆ ಆ ಪ್ರಾಣಿಗೆ ಗದ್ದಲ ಆಗದೆಂಬ ಮಾತು ಮಾತ್ರ ಆಟದ ಕೈಪಿಡಿಯಲ್ಲಿ ಹಾಗೇ ಉಳಿದುಕೊಂಡಿತು. ಅದನ್ನು ನಂಬಿದವರು ಎಷ್ಟು ಅರಚಿದರೂ ಪ್ರಾಣಿ ಕುಪ್ಪಳಿಸುತ್ತಲೇ ಇರುತ್ತಿತ್ತು. ಬಾಣಕ್ಕಾದರೆ ಅದು ಒಂದೇ ಏಟಿಗೆ ಬೀಳುತ್ತದೆ. ಹೀಗೆ ಜಪಾನಿನಲ್ಲಿ ಬಿಟ್ಟಿಯಾಗಿ ಆಗುತ್ತಿದ್ದ ಕೆಲಸಕ್ಕೆ ಅಮೆರಿಕದಲ್ಲಿ ಒಂದು ರುಪಿ.